ಎಪಿಸೋಡಣ್ಣ

ಸೀರಿಯಲ್ ನೋಡುವವರು ಎಲ್ಲ ಊರಲ್ಲೂ ಇದ್ದಾರೆ. ಸೀರಿಯಲ್ಲಿಗೆ ತೀರ್ಪು ಕೊಡುವವರನ್ನು ನೋಡಬೇಕಾದರೆ ಕೊಳ್ಳೇಗಾಲದ ಕಡೆಗೇ ಬರಬೇಕು. ಇಲ್ಲಿನ ಎಪಿಸೋಡಣ್ಣ ರಾತ್ರಿ ಕಂತು ಮುಗಿದ ಮೇಲೆ ಮಲಗುತ್ತಾನೆ, ಆದರೆ ನಿದ್ದೆ ಮಾಡುವುದಿಲ್ಲ. ಬೆಳಗ್ಗೆ ಟೀ ಅಂಗಡಿಯ ಷಟರ್ ಅರ್ಧ ಏಳುವಷ್ಟರಲ್ಲಿ ಅದರಡಿ ಬಗ್ಗಿ ಒಳಗೆ ಬಂದು ಬೆಂಚಿನ ಮೂಲೆ ಹಿಡಿದಿರುತ್ತಾನೆ. ಬಂದವರಿಗೆಲ್ಲ ಒಂದೇ ಪ್ರಶ್ನೆ: “ನೋಡ್ದಾ ರಾತ್ರಿ?” ಯಾರೂ “ಏನನ್ನ?” ಎನ್ನುವುದಿಲ್ಲ. ಎಂದವನು ಬೇರೆ ಜಿಲ್ಲೆಯವನು, ವರ್ಗವಾಗಿ ಬಂದಿರಬೇಕು.

ಅಣ್ಣನಿಗೆ ಇಂಥದೇ ವಯಸ್ಸು, ಇಂಥದೇ ಕಸುಬು ಎಂದೇನಿಲ್ಲ. ರೇಷ್ಮೆ ಮಗ್ಗದವನಿರಬಹುದು, ಬಸ್ ಕಂಡಕ್ಟರಿರಬಹುದು, ನಿವೃತ್ತ ಮೇಷ್ಟರಿರಬಹುದು. ಹೆಂಗಸಾದರೆ ಎಪಿಸೋಡಕ್ಕ. ಅಕ್ಕನ ಕೋರ್ಟು ಬೀದಿ ನಲ್ಲಿಯ ಹತ್ತಿರ ನಡೆಯುತ್ತದೆ, ಬಿಂದಿಗೆ ತುಂಬುವಷ್ಟು ಹೊತ್ತು. ಅಣ್ಣ ವಾಯಿದೆ ಮೇಲೆ ವಾಯಿದೆ ಕೊಡುತ್ತಾನೆ. ಅಕ್ಕ ಅಲ್ಲೇ ಶಿಕ್ಷೆ ಹೇಳಿ ಬಿಂದಿಗೆ ಎತ್ತಿಕೊಂಡು ಹೋಗುತ್ತಾಳೆ.

ಇಬ್ಬರೂ ಉಚ್ಛ್ರಾಯ ಸ್ಥಿತಿಗೆ ಏರಿದ್ದು ಜೀ ಕನ್ನಡದಲ್ಲಿ ‘ಉಘೇ ಉಘೇ ಮಾದೇಶ್ವರ’ ಬರುತ್ತಿದ್ದ ಕಾಲದಲ್ಲಿ. ಮಿಕ್ಕ ಕರ್ನಾಟಕಕ್ಕೆ ಅದೊಂದು ಪೌರಾಣಿಕ ಧಾರಾವಾಹಿ. ಹನೂರಿಗೆ ಅದು ಮನೆಯ ವಿಚಾರ. ಮಾದೇಶ್ವರನ, ಅಂದರೆ ಇಲ್ಲಿಯವರ ಮಾದಪ್ಪನ, ಬೆಟ್ಟ ಇರುವುದೇ ಹನೂರು ತಾಲ್ಲೂಕಿನಲ್ಲಿ. ಮೊನ್ನೆ ಮೊನ್ನೆಯವರೆಗೆ ಅದು ಕೊಳ್ಳೇಗಾಲ ತಾಲ್ಲೂಕು ಆಗಿತ್ತಾದ್ದರಿಂದ ಕೊಳ್ಳೇಗಾಲದವರೂ ಹಕ್ಕು ಬಿಟ್ಟಿಲ್ಲ. ಬೇರೆಡೆ ಜನ ಸೀರಿಯಲ್ ನೋಡುವುದು ಮುಂದೇನಾಗುತ್ತದೆ ಎಂದು ತಿಳಿಯಲು. ಇಲ್ಲಿ ಮುಂದೇನಾಗುತ್ತದೆ ಎಂಬುದು ಅಂಗನವಾಡಿಯ ಕೂಸಿಗೂ ಗೊತ್ತು. ಹೇಳಿದ್ದನ್ನು ಸರಿಯಾಗಿ ಹೇಳಿದರಾ ಎಂದು ತಾಳೆ ನೋಡುವುದಕ್ಕೇ ಇವರು ಕೂರುವುದು.

ತಾಳೆ ನೋಡಲು ಮೂಲಪ್ರತಿ ಬೇಕಲ್ಲ, ಅದು ಇವರ ಕಿವಿಯಲ್ಲಿದೆ. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡಿ ಹೇಳುವ ಮಾದೇಶ್ವರನ ಕತೆ ಟೀವಿ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕಂತು ಕಂತಾಗಿತ್ತು. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಒಂದೊಂದು ರಾತ್ರಿಗೆ ಒಂದೊಂದು. ಪಿ.ಕೆ. ರಾಜಶೇಖರ ಅವರು ಅದನ್ನು ಸಂಗ್ರಹಿಸಿ 1973ರಲ್ಲಿ ದಪ್ಪನೆಯ ಪುಸ್ತಕ ಮಾಡಿದರು. ಎಪಿಸೋಡಣ್ಣ ಆ ಪುಸ್ತಕ ಓದಿಲ್ಲ. ಓದುವ ಅಗತ್ಯವೂ ಅವನಿಗೆ ಕಂಡಿಲ್ಲ. “ನಮ್ ತಾತನ ಹೆಗಲ ಮೇಲೆ ಕೂತು ಕೇಳಿವ್ನಿ ಕಣಪ್ಪ, ನಂಗ್ಯಾಕೆ ಬುಕ್ಕು” ಎನ್ನುತ್ತಾನೆ. ಅಡ್ಡಸವಾಲು ಹಾಕಲು ಬರುವುದಿಲ್ಲ, ಅವನ ತಾತ ಈಗಿಲ್ಲ.

ಸಂಕಮ್ಮನ ಕಂತು ಬಂದ ರಾತ್ರಿಗಳಲ್ಲಿ ಈ ಸೀಮೆಯಲ್ಲಿ ಸಾರು ಉಕ್ಕಿದ್ದನ್ನು ಕೇಳಿದವರಿಲ್ಲ. ಕತೆ ಎಲ್ಲರಿಗೂ ತಿಳಿದದ್ದೇ. ಸೋಲಿಗರ ನೀಲೇಗೌಡ ಕಾಡಿಗೆ ಜೇನಿಗೆ ಹೊರಡುವ ಮುಂಚೆ ಹೆಂಡತಿಯನ್ನು ಭಾಷೆ ಕೊಡು ಎಂದು ಕೇಳುತ್ತಾನೆ, ಸಂಕಮ್ಮ ಕೊಡುವುದಿಲ್ಲ ಎನ್ನುತ್ತಾಳೆ, ಅವನು ಕೊಡಬಾರದ ಹಿಂಸೆ ಕೊಟ್ಟು ಹೋಗುತ್ತಾನೆ, ಮಾದಪ್ಪ ಬಂದು ಅವಳಿಗೆ ಕಾರಯ್ಯ ಬಿಲ್ಲಯ್ಯ ಎಂಬ ಎರಡು ಮಕ್ಕಳ ಫಲ ಕೊಡುತ್ತಾನೆ. ನಲ್ಲಿಯ ಹತ್ತಿರ ಮರುದಿನ ವಿಚಾರಣೆ.

“ಅದ್ಯಾಕವ್ವ ಸಂಕಮ್ಮನ್ನ ಅಷ್ಟೊತ್ತು ಅಳ್ಸದು?” ಅಕ್ಕ ಬಿಂದಿಗೆ ಕೆಳಗಿಟ್ಟು ಶುರು ಮಾಡಿದಳು. “ನಮ್ ಸಂಕಮ್ಮ ಅಳೋ ಪೈಕಿ ಅಲ್ಲ. ಭಾಷೆ ಕೊಡಕಿಲ್ಲ ಅಂದ್ಲು, ಆಯ್ತು.”

“ಅತ್ರೆ ತಾನೆ ಅತ್ತೆ ಜನ ನೋಡದು” ಎಂದಿತು ಸೊಸೆಯೊಂದು.

“ನಾ ನೋಡ್ಲಿಲ್ವಾ? ನಾ ಅತ್ನಾ?”

ಅತ್ತಿದ್ದಳು. ಪಕ್ಕದ ಮನೆಯವರಿಗೆ ಕೇಳಿಸಿತ್ತು. ಆದರೆ ನ್ಯಾಯಾಧೀಶರ ಮೇಲೆ ಸಾಕ್ಷಿ ಹೇಳುವವರು ಯಾರು?

ಕಂತು ನಡೆಯುವಾಗ ಅಣ್ಣನ ಮನೆಯಲ್ಲಿ ಕೂತು ನೋಡುವುದು ಧೈರ್ಯವಂತರ ಕೆಲಸ. ದೇವರಗುಡ್ಡರು ಕತೆ ಹೇಳುವಾಗ ಕೇಳುವವನು ಹೂಂಗುಟ್ಟಬೇಕು, ನಡುವೆ “ಆಮೇಲೆ?” ಎನ್ನಬೇಕು, ಬಿಟ್ಟು ಹೋದದ್ದನ್ನು ಜ್ಞಾಪಿಸಬೇಕು. ಆ ಅಭ್ಯಾಸ ಅಣ್ಣನಿಗೆ ರಕ್ತದಲ್ಲಿದೆ. ಟೀವಿಗೆ ಹೂಂಗುಟ್ಟಿದರೆ ಅದು ಕೇಳಿಸಿಕೊಳ್ಳುವುದಿಲ್ಲವಾದ್ದರಿಂದ ಗಟ್ಟಿಯಾಗಿ ಹೂಂಗುಟ್ಟುತ್ತಾನೆ. ಆಗಲೂ ಕೇಳದಿದ್ದರೆ ತಾನೇ ಕತೆ ಹೇಳಲು ಶುರು ಮಾಡುತ್ತಾನೆ. ಮಗಳು ವಾಲ್ಯೂಮ್ ಏರಿಸುತ್ತಾಳೆ, ಇವನೂ ಏರಿಸುತ್ತಾನೆ. ಬೀದಿಯಲ್ಲಿ ಕೇಬಲ್ಲಿನ ಮನೆಗಳಿಗೆ ಮಾದಪ್ಪ ಮೊದಲು ಪ್ರತ್ಯಕ್ಷನಾಗುತ್ತಾನೆ, ಡಿಶ್ಶಿನ ಮನೆಗಳಿಗೆ ಒಂದೆರಡು ಕ್ಷಣ ತಡವಾಗಿ. ಆದ್ದರಿಂದ “ಉಘೇ ಮಾದಪ್ಪಾ” ಎಂಬ ಕೂಗು ಆ ತುದಿಯಿಂದ ಈ ತುದಿಗೆ ಮನೆಯಿಂದ ಮನೆಗೆ ನಡೆದುಕೊಂಡು ಬರುತ್ತದೆ. ಅಣ್ಣನದು ಡಿಶ್ಶು. ದೇವರು ಬರುವ ಮುನ್ಸೂಚನೆ ಸಿಕ್ಕು ಅವನು ಎಲೆ ಅಡಿಕೆ ಉಗಿದು ಬಂದು ಸರಿಯಾಗಿ ಕೂರುತ್ತಾನೆ. ಇದೊಂದು ಅನುಕೂಲ.

ಅಣ್ಣನ ತಾಯಿಯದು ಬೇರೆಯೇ ಪದ್ಧತಿ. ತೆರೆಯ ಮೇಲೆ ಮಾದಪ್ಪ ಕಂಡ ಕೂಡಲೇ ಕೈ ಮುಗಿದರೆ ಮುಗಿಯಿತು, ಇಳಿಸುವುದಿಲ್ಲ. ನಡುವೆ ಸೋಪಿನ ಜಾಹೀರಾತು ಬರುತ್ತದೆ, ಹಲ್ಲುಜ್ಜುವ ಪೇಸ್ಟಿನದು ಬರುತ್ತದೆ, ಮುಂಬಯಿಯ ನಟಿ ತಲೆಗೂದಲು ಬೀಸುತ್ತ ಬರುತ್ತಾಳೆ. ಅಜ್ಜಿ ಎಲ್ಲರಿಗೂ ಕೈ ಮುಗಿದೇ ಕೂತಿರುತ್ತದೆ. “ಅವ್ವ, ಅದು ಅಡ್ವಟೇಜು” ಎಂದರೆ, “ಇರ್ಲಿ ಬುಡು ಮಗ, ಅವನು ಯಾವ ರೂಪ್ದಲ್ಲಿ ಬತ್ತನೋ ಯಾರು ಕಂಡರು” ಎನ್ನುತ್ತದೆ. ಈ ವಾದಕ್ಕೆ ಉತ್ತರ ಕೊಟ್ಟ ಪಂಡಿತನನ್ನು ನಾನಂತೂ ನೋಡಿಲ್ಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬಂದಾಗಲೂ ಅಜ್ಜಿ ಹೀಗೇ ನೋಡಿದ್ದು. ಅದು ಹಿಂದಿ ಎಂದು ಯಾರೋ ಹೇಳಿದಾಗ ಅವಳಿಗೆ ಆಶ್ಚರ್ಯವಾಗಿತ್ತಂತೆ. ಒಂದೂ ಮಾತು ಅರ್ಥವಾಗದೆ ಉಳಿದಿರಲಿಲ್ಲವಲ್ಲ!

ಈಗ ಹುಲಿಯ ವಿಚಾರ. ಮಾದಪ್ಪನ ವಾಹನ ಹುಲಿ. ಸೀರಿಯಲ್ಲಿನ ಹುಲಿ ಕಂಪ್ಯೂಟರಿನಲ್ಲಿ ಹುಟ್ಟಿದ್ದು. ಇದು ಬೆಂಗಳೂರಿನಲ್ಲಿ ನಡೆಯುತ್ತದೆ, ಬೆಳಗಾವಿಯಲ್ಲೂ ನಡೆಯುತ್ತದೆ. ಪೊನ್ನಾಚಿ ಕಡೆಯ ದನ ಮೇಯಿಸುವವನ ಮುಂದೆ ಹೇಗೆ ನಡೆದೀತು? ಬೆಟ್ಟದ ಸುತ್ತಿನ ಕಾಡು 2013ರಿಂದ ವನ್ಯಧಾಮ, ಅಲ್ಲಿನ ಹುಲಿಗೆ ಯಾರ ಅನುಮತಿಯೂ ಬೇಡ. ಹನೂರಿನ ಎಪಿಸೋಡಣ್ಣ ಆ ಭಾಗದವನು. ಅವನ ಆಕ್ಷೇಪಣೆ ತಾಂತ್ರಿಕ ಮಟ್ಟದ್ದು.

“ಹುಲಿ ಬರೋಕ್ ಮುಂಚೆ ಕಡವೆ ಕೂಗ್ಬೇಕು, ಮರದ ಮೇಲ್ ಕೋತಿ ಕೂಗ್ಬೇಕು. ಇಲ್ಲಿ ಬರೀ ವಾದ್ಯ ಕೂಗ್ತದೆ. ಗಾಳಿ ಎತ್ತಗಿಂದ ಬತ್ತದೆ ಅಂತ ಹುಲಿ ನೋಡೇ ಇಲ್ಲ, ಮೊಕ ಎತ್ಕಂಡು ಸೀದಾ ನಡ್ಕಬಂತು. ಹಂಗ್ ಬಂದ್ರೆ ಅದು ಮೂರ್ ದಿನ ಉಪಾಸ.”

“ದೇವರ ಹುಲಿ ಕನಣ್ಣ ಅದು, ಬೇಟೆ ಆಡಕೆ ಬಂದಿಲ್ಲ.”

“ದೇವರ ಹುಲಿಗೆ ಹೊಟ್ಟೆ ಇಲ್ವಾ?”

2023ರಲ್ಲಿ ಬೆಟ್ಟದಲ್ಲಿ ಹುಲಿಯ ಮೇಲೆ ಕೂತ ಮಾದಪ್ಪನ 108 ಅಡಿಯ ಪ್ರತಿಮೆ ಎದ್ದಾಗ ಈ ಅಣ್ಣ ಹೋಗಿ ಮೊದಲು ನೋಡಿದ್ದು ಹುಲಿಯ ಮೀಸೆ. ಪಾಸು ಮಾಡಿದ್ದಾನೆ.

ಕೊಳ್ಳೇಗಾಲದ ಮಗ್ಗದ ಮನೆಗಳಲ್ಲಿ ಹುಲಿಯ ಚಿಂತೆಯಿಲ್ಲ, ಅಲ್ಲಿ ಸೀರೆಯ ಚಿಂತೆ. ಯಾವ ಪುರಾಣದ ಸೀರಿಯಲ್ಲೇ ಬರಲಿ, ಕೈಲಾಸವೇ ಇಳಿದು ಬರಲಿ, ನೇಯ್ದ ಕೈಯವನಿಗೆ ಮೊದಲು ಕಾಣುವುದು ಅಂಚು, ಆಮೇಲೆ ಸೆರಗು, ಕೊನೆಗೆ ಪಾರ್ವತಿ. ಶಿವ ಮೂರನೇ ಕಣ್ಣು ತೆರೆಯುವ ಹೊತ್ತಿಗೆ ಇವನು “ನಿಲ್ಸು ನಿಲ್ಸು” ಎಂದು ರಿಮೋಟು ಹುಡುಕುತ್ತಾನೆ. ಪ್ರಳಯ ನಿಲ್ಲಿಸಲಿಕ್ಕಲ್ಲ. ಜಗನ್ಮಾತೆ ಉಟ್ಟಿದ್ದು ಡೂಪ್ಲಿಕೇಟ್ ಜರಿ, ಪವರ್‌ಲೂಮಿನದು, ಅದನ್ನು ಮಗನಿಗೆ ತೋರಿಸಬೇಕು. “ಇಡೀ ಜಗತ್ತು ಆಳೋಳಿಗೆ ಒಂದು ಕೊಳ್ಳೇಗಾಲದ ಸೀರೆ ಕೊಡ್ಸಕಾಗ್ನಿಲ್ವ ಇವರ್‌ಗೆ?” ಇವನ ಸಿಟ್ಟಿನಲ್ಲಿ ಭಕ್ತಿ ಎಷ್ಟು, ಮಾರದೆ ಉಳಿದ ಸ್ಟಾಕು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಶ್ರವಣನ ಕತೆ ಬಂದಾಗ ಯಳಂದೂರು ಕಣಕ್ಕಿಳಿಯಿತು. ದೇವಾನುದೇವತೆಗಳನ್ನೆಲ್ಲ ಸೆರೆ ಹಿಡಿದು ಮನೆಗೆಲಸಕ್ಕೆ ಹಚ್ಚಿದ್ದ ಶ್ರವಣ ದೊರೆಯನ್ನು ಮಾದಪ್ಪ ಕತ್ತಿಯಿಂದ ಕೊಲ್ಲುವುದಿಲ್ಲ. ಹರಳಯ್ಯನ ಕೈಲಿ ಪಾದರಕ್ಷೆ ಮಾಡಿಸಿ, ದೊರೆಗೆ ಮೆಟ್ಟಿಸಿ, ಸುಡುತ್ತಾನೆ. ಪಾದರಕ್ಷೆ ಎಂದ ಮೇಲೆ ಯಳಂದೂರಿನವರನ್ನು ಕೇಳದೆ ಮುಂದುವರಿಯುವ ಹಾಗಿಲ್ಲ. ಅವರ ಬಿಳಿಗಿರಿರಂಗನಿಗೆ ಬೂದಿತಿಟ್ಟಿನವರು ಎರಡು ವರ್ಷಕ್ಕೊಮ್ಮೆ ಹೊಸ ಚರ್ಮದ ಪಾದುಕೆ ಹೊಲಿದು ತಂದೊಪ್ಪಿಸುತ್ತಾರೆ, ಒಂದೂಮುಕ್ಕಾಲು ಅಡಿ ಉದ್ದದ್ದು. ರಂಗಪ್ಪ ಅದನ್ನು ಮೆಟ್ಟಿ ರಾತ್ರಿ ಕಾಡು ಸುತ್ತುವುದರಿಂದ ಅದು ಸವೆಯುತ್ತದೆ. ಇಷ್ಟು ಅನುಭವ ಇರುವ ಊರಿನ ಎಪಿಸೋಡಣ್ಣ ಶ್ರವಣನ ಮೆಟ್ಟು ನೋಡಲೆಂದೇ ಕೂತಿದ್ದ. ಮಾರನೆಯ ದಿನ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು, ಟೀ ಕುಡಿಯುವ ಮೊದಲೇ ಹೇಳಿದ: “ಎಂಟನೇ ನಂಬರು. ಅಷ್ಟ್ ದೊಡ್ಡ ರಾಕ್ಷಸ, ಎಂಟನೇ ನಂಬರು ಮೆಟ್ಟು. ಕಾಲು ಕಚ್ಚಿ ಸತ್ತಿರ್ಬೇಕು ಅವನು, ಸುಟ್ಟು ಅಲ್ಲ.”

ಅವನ ಜೊತೆ ಬಂದಿದ್ದ, ಬಿಳಿಗಿರಿರಂಗನ ಬೆಟ್ಟದ ಪೋಡಿನ ಸೋಲಿಗರವನಿಗೆ ದೂರೇ ಬೇರೆ. ಮಾದಪ್ಪನ ಕತೆಯಲ್ಲಿ ನಮ್ಮ ನೀಲೇಗೌಡನನ್ನು ಬೈದದ್ದು ಸಾಕು, ರಂಗಪ್ಪನ ಕತೆ ಯಾವಾಗ ತೆಗೆಯುತ್ತಾರೆ ಎಂದು. ಅದರಲ್ಲಿ ದೇವರೇ ಸೋಲಿಗರ ಹುಡುಗಿ ಕುಸುಮಾಲೆಯನ್ನು ಹಾರಿಸಿಕೊಂಡು ಹೋಗುವುದು. ಅಂದಿನಿಂದ ರಂಗಪ್ಪ ಅವರಿಗೆಲ್ಲ ಭಾವ. “ಅದನ್ನ ಟೀವೀಲಿ ಹಾಕ್ಲಿ, ನಾವು ಬೈತೀವಿ. ಭಾವನ್ನ ಬೈಯೋ ಹಕ್ಕು ನಮ್ಗದೆ.” ಬೆಂಚಿನಲ್ಲಿದ್ದವರೆಲ್ಲ ಒಪ್ಪಿದರು. ವಿರೋಧವಿಲ್ಲದೆ ಮಂಜೂರಾದ ಠರಾವು ಬಹುಶಃ ಇದೊಂದೇ.

ಮಾದಪ್ಪ ಇಲ್ಲದ ಹೊತ್ತಿನಲ್ಲೂ ಅಣ್ಣನಿಗೆ ಬಿಡುವಿರಲಿಲ್ಲ. ‘ನಾಗಿಣಿ’ ಬಂತು, ಹಾವು ಹೆಂಗಸಾಗಿ ಹಗೆ ತೀರಿಸಿತು, ನಾಗಮಣಿ ಕೈಯಿಂದ ಕೈಗೆ ಹೋಯಿತು. ಗದ್ದೆ ಬದುವಿನಲ್ಲಿ ದಿನವೂ ನಾಗರವನ್ನು ದಾಟಿ ಬರುವವರಿಗೆ ಅದು ಅಷ್ಟು ರುಚಿಸಲಿಲ್ಲ. “ಮೂವತ್ತು ವರ್ಸದಿಂದ ಕಾಣ್ತಾವ್ನಿ, ಒಂದಾದ್ರೂ ಸೀರೆ ಉಡ್ಲಿಲ್ಲ” ಎಂದು ಅಣ್ಣ ತುಸು ನಿರಾಶೆಯಿಂದಲೇ ಹೇಳಿದ. ಹೆಂಡತಿ ಒಳಗಿನಿಂದ ಏನೋ ಅಂದಳು, ಪಾತ್ರೆಯ ಸದ್ದಿನಲ್ಲಿ ಕೇಳಿಸಲಿಲ್ಲ.

ಅಣ್ಣನ ಅಧಿಕಾರಕ್ಕೆ ಕುತ್ತು ಬಂದದ್ದು ಮೊಬೈಲಿನಿಂದ. ಟೀವಿಗಿಂತ ಮೊದಲೇ ಆ್ಯಪಿನಲ್ಲಿ ಕಂತು ನೋಡಿದ ಹುಡುಗನೊಬ್ಬ ಅಂಗಡಿಗೆ ಬಂದು, “ಅಣ್ಣ, ನಾಳೆ ಏನಾಯ್ತದೆ ಹೇಳ್ಲಾ?” ಎಂದ. ಅಣ್ಣ ಗ್ಲಾಸು ಕೆಳಗಿಡಲಿಲ್ಲ. “ನಾಳೆದಾ? ನಿಮ್ ತಾತ ಹುಟ್ಟೋಕ್ ಮುಂಚೆಯಿಂದ ಗೊತ್ತಲೇ ನಂಗೆ. ಹೋಗಿ ಎರಡು ಬನ್ನು ತಗಬಾ.” ಹುಡುಗ ತಂದ.

ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ಅಣ್ಣನ ಅಕ್ಕನ ಮಗ ಅಮಾವಾಸ್ಯೆ ಪೂಜೆಗೆಂದು ಬೆಟ್ಟಕ್ಕೆ ಬಂದವನು ಒಂದು ರಾತ್ರಿ ಇಲ್ಲೇ ಉಳಿದ. ಅವನದು ‘ಗೇಮ್ ಆಫ್ ಥ್ರೋನ್ಸ್’ ಭಕ್ತಿ. 2019ರಲ್ಲಿ ಅದರ ಕೊನೆಯ ಭಾಗ ಹಿಡಿಸದೆ ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ಮತ್ತೆ ತೆಗೆಯಿರಿ ಎಂದು ಅರ್ಜಿಗೆ ಸಹಿ ಹಾಕಿದರೆಂದು ವಿವರಿಸಿದ.

“ತೆಗುದ್ರಾ?”

“ಇಲ್ಲ ಮಾವ.”

“ಅರ್ಜಿ ಯಾರ್ಗೆ ಕೊಟ್ರು?”

“ಕಂಪ್ನಿಗೆ.”

“ಅಲ್ಲೇ ತಪ್ಪಿದ್ದು” ಎಂದ ಅಣ್ಣ. “ಕಂಪ್ನಿ ಮಾತ್ ಕೇಳದಾ? ಒಂದು ಹರಕೆ ಕಟ್ಕಂಡಿದ್ರೆ ಮುಗೀತಿತ್ತು.”

ಅಳಿಯ ನಕ್ಕು ಲ್ಯಾಪ್‌ಟಾಪ್ ತೆರೆದ. ಮಾವನಿಗೆ ಬೇಕಾದ್ದನ್ನೇ ತೋರಿಸೋಣವೆಂದು ರೆಕ್ಕೆಯ ಬೆಂಕಿಪ್ರಾಣಿ ಇರುವ ಕಂತು ಹಾಕಿದ, ಆದರೆ ಮೊದಲೇ ಎಚ್ಚರಿಸಿದ: “ಮುಂದೆ ಯಾರು ಸಾಯ್ತಾರೆ ಅಂತ ಕೇಳ್ಬೇಡ ಮಾವ, ಮಜಾ ಹೋಗುತ್ತೆ.” ಅಣ್ಣನಿಗೆ ಈ ಮಾತು ತಲೆಗೆ ಹೋಗಲಿಲ್ಲ. ಯಾರು ಸಾಯುತ್ತಾರೆಂದು ಗೊತ್ತಿಲ್ಲದೆ ಅಳುವುದಕ್ಕೆ ತಯಾರಾಗುವುದು ಹೇಗೆ?

ಇಂಗ್ಲಿಷ್ ಒಂದಕ್ಷರ ಬಾರದಿದ್ದರೂ ಹತ್ತು ನಿಮಿಷದಲ್ಲಿ ಅಣ್ಣ ಯಾರಿಗೆ ಯಾರು ದಾಯಾದಿ, ಯಾರ ಕಣ್ಣು ಆಸ್ತಿಯ ಮೇಲಿದೆ ಎಂದು ಹೇಳಿಬಿಟ್ಟ. ಸಾಯುವವರಲ್ಲಿ ಇಬ್ಬರನ್ನು ಸರಿಯಾಗಿಯೇ ಗುರುತಿಸಿದ. ಅಳಿಯ ಬೆಪ್ಪಾದ. ಬೆಂಕಿಪ್ರಾಣಿಯ ಬೆನ್ನೇರಿ ಬೆಳ್ಳಿ ಕೂದಲಿನ ರಾಣಿ ಆಕಾಶಕ್ಕೆ ಹಾರಿದಾಗ ಒಳಕೋಣೆಯಿಂದ ಅಜ್ಜಿಯೂ ಎದ್ದು ಬಂದು ಬಾಗಿಲ ಹತ್ತಿರ ಕೈ ಮುಗಿದು ನಿಂತಳು. ಅಣ್ಣ ಮುಂದಕ್ಕೆ ಬಾಗಿ, ಅಲ್ಲಿಯವರೆಗೆ ತಡೆದುಕೊಂಡಿದ್ದ ಪ್ರಶ್ನೆ ಕೇಳಿಯೇಬಿಟ್ಟ:

“ಅದಿರ್ಲಿ ಅಳಿಮಯ್ಯ, ಈ ಹೆಣ್ಮಗಳ ಮನೆದೇವ್ರು ಯಾವ್ದು?”

ಅಳಿಯ ಕಂತು ನಿಲ್ಲಿಸಿ ಮೊಬೈಲಿನಲ್ಲಿ ಹುಡುಕತೊಡಗಿದ.