ಕಾಲಾಳು ಹಿಂದೆ ಬರೋದಿಲ್ಲ

ನಮ್ಮ ಸೋದರಮಾವ ಚದುರಂಗಕ್ಕೆ ಕೂತರೆ ಪಕ್ಕದಲ್ಲಿಟ್ಟ ಕಾಫಿ ಆರಿ ಕೆನೆ ಕಟ್ಟುವುದು ಗ್ಯಾರಂಟಿ. ನಾನೋ, ಮೂರನೇ ನಡೆಗೇ ಮಂತ್ರಿಯ ಮೆರವಣಿಗೆ ಹೊರಡಿಸುವವನು. ಕಾಲಾಳುಗಳೆಂದರೆ ನನಗೆ ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗರಿದ್ದಂತೆ. ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಮೊನ್ನೆ ಭಾನುವಾರ ಕ್ಯಾಸ್ಲಿಂಗ್ ಮಾಡಿ ರಾಜನನ್ನು ಮೂಲೆಗೆ ಸೇರಿಸಿದೆ. ಮುಂದೆ ಮೂರು ಕಾಲಾಳು, ಕಾಂಪೌಂಡ್ ಗೋಡೆಯ ಹಾಗೆ. ಅಷ್ಟರಲ್ಲಿ ಮಾವನ ಒಂಟೆ ಬಂದು ನನ್ನ ಕುದುರೆಯನ್ನು ದಿಟ್ಟಿಸತೊಡಗಿತು. ಓಡಿಸಲೆಂದು ಅಂಚಿನ ಕಾಲಾಳನ್ನು ತಳ್ಳಿದೆ. ಒಂಟೆ ಒಂದು ಮನೆ ಸರಿಯಿತು. ಪಕ್ಕದ್ದನ್ನೂ ತಳ್ಳಿದೆ. ಇನ್ನೊಂದು ಮನೆ ಸರಿಯಿತು. ನಾನು ಮೀಸೆ ತಿರುವಿದೆ.

"ಓಡಿಸಿದ್ದಾಯ್ತೇನೋ? ಈಗ ಅವನ್ನ ವಾಪಸ್ ಕರ್ಕೊಂಡು ಬಾ ನೋಡೋಣ," ಅಂದರು ಮಾವ.

ಆನೆ, ಕುದುರೆ, ಕೊನೆಗೆ ರಾಜನೂ ಹಿಂದೆ ಬರಬಹುದು. ಕಾಲಾಳಿಗೆ ಮಾತ್ರ ಆ ಭಾಗ್ಯವಿಲ್ಲ. ಮಾವ ತಮ್ಮ ಅಂಚಿನ ಕಾಲಾಳನ್ನು ತಂದು ನನ್ನ ಗೋಡೆಗೆ ಗುದ್ದಿಸಿದರು. ಪಾಪ, ಅದು ಸತ್ತಿತು. ಆದರೆ ಸಾಲು ತೆರೆದು ಅವರ ಆನೆಗೆ ಹೆದ್ದಾರಿಯಾಯಿತು.

ಕಾಲಾಳುಗಳೇ ಈ ಆಟದ ಆತ್ಮವೆಂದು ಫ್ರಾನ್ಸಿನ ಚದುರಂಗ ಆಟಗಾರ ಫಿಲಿಡೋರ್ 1749ರ ಪುಸ್ತಕದಲ್ಲೇ ಹೇಳಿದ್ದ. ಆತ ಒಪೆರಾಗಳಿಗೆ ಸಂಗೀತ ಕಟ್ಟುತ್ತಿದ್ದವನು. ಹಿಂದೆ ನಿಂತು ಹಾಡುವವರ ಬೆಲೆ ಗೊತ್ತಿದ್ದಿರಬೇಕು. ನನಗೆ ಗೊತ್ತಾಗುವಷ್ಟರಲ್ಲಿ ಆನೆಯ ಹಿಂದೆ ಮಂತ್ರಿಯೂ ಬಂದು ನಿಂತಿದ್ದ.

ಹದಿನೆಂಟನೇ ನಡೆಗೆ ಆಟ ಮುಗಿಯಿತು. ಆವತ್ತು ಮಾವ ಕಾಫಿಯನ್ನು ಬಿಸಿಬಿಸಿಯಾಗೇ ಕುಡಿದರು.