ಲೇಯರ್ 47, ಕಾಪಿ 3

ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ನಾಲ್ಕಾರು ಜನರನ್ನು ಒಂದು ಮೇಜಿನ ಸುತ್ತ ಕೂರಿಸಿ, ‘ಯಾವ ಸಾಫ್ಟ್‌ವೇರ್ ಒಳ್ಳೇದು?’ ಎಂದು ಕೇಳಿ ಮೆಲ್ಲಗೆ ಎದ್ದು ಬರಬೇಕು. ಕಾಫಿ ಆರಿ ತಣ್ಣಗಾಗಿರುತ್ತದೆ, ಊಟದ ಹೊತ್ತು ಮೀರಿರುತ್ತದೆ, ಮಾತು ಮಾತ್ರ ಮುಗಿದಿರುವುದಿಲ್ಲ. ಫೋಟೋಶಾಪಿನವರದು ಹಳೇ ಮನೆತನದ ಗತ್ತು. ನೋಲ್ ಸಹೋದರರ ಆ ತಂತ್ರಾಂಶ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಉಳಿದವರೆಲ್ಲ ತಮ್ಮ ಅಂಗಳದಲ್ಲಿ ಆಡಿ ಬೆಳೆದವರು ಎಂಬ ಧೋರಣೆ. ಪ್ರೊಕ್ರಿಯೇಟ್‌ನವರು ಐಪ್ಯಾಡನ್ನು ಕಂಕುಳಲ್ಲಿಟ್ಟುಕೊಂಡು ಹೋದಲ್ಲೆಲ್ಲ ಬರೆಯುವ ಹಗುರ ಜೀವಿಗಳು. ಒಂದು ಸಲ ದುಡ್ಡು ಕೊಟ್ಟರೆ ಆಯಿತು, ತಿಂಗಳ ಬಾಡಿಗೆಯ ಕಾಟವಿಲ್ಲ ಎನ್ನುವುದನ್ನು ನಾವು ಕೇಳದಿದ್ದರೂ ಹೇಳುತ್ತಾರೆ. ಕ್ಲಿಪ್ ಸ್ಟುಡಿಯೋದವರು ಜಪಾನಿನ ಮಾಂಗಾ ಓದಿ ಕೆಟ್ಟವರು (ಇದನ್ನು ಅವರು ಹೊಗಳಿಕೆ ಎಂದೇ ತಿಳಿಯುತ್ತಾರೆ). ಕ್ರಿಟಾದವರು ಬಿಟ್ಟಿ ಸಿಗುತ್ತದೆಂದು ಬಂದು, ಆಮೇಲೆ ಮುಕ್ತ ತಂತ್ರಾಂಶದ ತತ್ವಕ್ಕೆ ಮನಸೋತು ಅಲ್ಲೇ ನೆಲೆ ನಿಂತವರು. ಮೂಲೆಯಲ್ಲಿ ಒಬ್ಬ ತುಟಿ ಬಿಚ್ಚದೆ ಕೂತಿರುತ್ತಾನೆ. ಅವನು ಎಂಎಸ್ ಪೇಂಟಿನಲ್ಲಿ ಬರೆಯುವವನು. ಅವನ ತಂಟೆಗೆ ಹೋಗಬಾರದು. ಅಲ್ಲಿರುವವರಲ್ಲಿ ಚೆನ್ನಾಗಿ ಬರೆಯುವವನು ಅವನೇ ಇದ್ದರೂ ಇರಬಹುದು.

ನಾನು ಯಾವ ಮನೆತನಕ್ಕೂ ಸೇರಿದವನಲ್ಲ. ವಾರಪತ್ರಿಕೆಗಳ ಕಥೆಗೆ ಚಿತ್ರ ಬರೆದು ಬದುಕಿದವನು. ನಿಬ್ಬು, ಇಂಡಿಯನ್ ಇಂಕು, ಸೊಟ್ಟ ಗೆರೆಯನ್ನು ಮುಚ್ಚಲು ಒಂದು ಬಾಟಲಿ ಪೋಸ್ಟರ್ ವೈಟ್, ನನ್ನ ಸಂಸಾರ ಇಷ್ಟೇ ಇತ್ತು. ಸೋದರಸೊಸೆ ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸಕ್ಕೆ ಸೇರಿದ ಮೇಲೆ ತನ್ನ ಹಳೆಯ ಪೆನ್ ಟ್ಯಾಬ್ಲೆಟ್ಟನ್ನು ನನ್ನ ಮೇಜಿಗೆ ತಂದಿಟ್ಟು, ‘ಮಾವ, ಇನ್ಮೇಲೆ ಇದರಲ್ಲಿ ಬರೀರಿ, ವೈಟ್ ಬಾಟಲಿ ಖರ್ಚಾದರೂ ಉಳಿಯುತ್ತೆ’ ಎಂದಳು. ಪರದೆಯಿಲ್ಲದ ಕರಿಯ ಹಲಗೆ ಅದು. ಕೈ ಆಡುವುದು ಹಲಗೆಯ ಮೇಲೆ, ಗೆರೆ ಮೂಡುವುದು ಎದುರಿನ ಮಾನಿಟರಿನಲ್ಲಿ. ಜೀವಮಾನವೆಲ್ಲ ಕೈಯನ್ನೇ ನೋಡಿಕೊಂಡು ಬರೆದವನಿಗೆ ಸ್ವಂತ ಕೈ ಇನ್ಯಾರದೋ ಅನ್ನಿಸಿತು. ಮೂಗು ಬರೆಯಲು ಹೊರಟರೆ ಅದು ಕಿವಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು.

ಪೆನ್ನಿಗೆ ಮಾತ್ರ ನಾನು ಮೊದಲ ದಿನವೇ ಮರುಳಾದೆ. ಅದರಲ್ಲಿ ಶಾಯಿಯಿಲ್ಲ, ಸರಿ, ಬ್ಯಾಟರಿಯೂ ಇಲ್ಲ. ಹಲಗೆ ಹೊರಡಿಸುವ ವಿದ್ಯುತ್ಕಾಂತ ಕ್ಷೇತ್ರದಿಂದಲೇ ಪೆನ್ನಿನೊಳಗಿನ ಸುರುಳಿ ಶಕ್ತಿ ಪಡೆದು, ತಾನು ಎಲ್ಲಿದ್ದೇನೆ, ತನ್ನನ್ನು ಎಷ್ಟು ಒತ್ತುತ್ತಿದ್ದಾರೆ ಎಂದು ಅದಕ್ಕೇ ವರದಿ ಒಪ್ಪಿಸುತ್ತದೆ. ಜಪಾನಿನ ವಾಕಮ್ ಕಂಪನಿ ಈ ವಿದ್ಯೆಯಲ್ಲಿ ಹೆಸರಾದದ್ದು. ಅವರ ದೊಡ್ಡ ಹಲಗೆಗಳು ಒತ್ತಡದಲ್ಲಿ 8192 ಮಟ್ಟಗಳನ್ನು ಗುರುತಿಸುತ್ತವೆ. ನನ್ನ ಕೈಗೆ ಗೊತ್ತಿರುವುದು ಮೂರು: ಮೆಲ್ಲಗೆ, ಜೋರಾಗಿ, ಸಂಪಾದಕರ ಫೋನು ಬಂದ ಮೇಲೆ.

ಇನ್ನು ಕುಂಚಗಳ ಸಂಗತಿ. ಅಮೆರಿಕದ ಫ್ರ್ಯಾಕ್ಟಲ್ ಡಿಸೈನ್‌ನವರು 1991ರಲ್ಲಿ ‘ಪೇಂಟರ್’ ಎಂಬ ತಂತ್ರಾಂಶ ತಂದರು. ಅದನ್ನು ಮಾರಿದ್ದು ರಟ್ಟಿನ ಪೆಟ್ಟಿಗೆಯಲ್ಲಲ್ಲ. ಮುಚ್ಚಳ ಮೀಟಿ ತೆಗೆಯುವ ಅಸಲಿ ಬಣ್ಣದ ಡಬ್ಬಿಯಲ್ಲಿ, ಒಳಗೆ ಫ್ಲಾಪಿಗಳನ್ನಿಟ್ಟು. ಎಣ್ಣೆಬಣ್ಣ, ಸೀಮೆಸುಣ್ಣ, ಇದ್ದಿಲು, ಕೊನೆಗೆ ಕಾಗದದ ತರಿಯವರೆಗೆ ಎಲ್ಲವನ್ನೂ ನಕಲು ಮಾಡುವ ಆ ಉತ್ಸಾಹ ಬೆಳೆದು, ಈಗ ಕುಂಚ ತಯಾರಿಸುವುದೇ ಒಂದು ಕಸುಬಾಗಿದೆ. ಕೈಲ್ ವೆಬ್‌ಸ್ಟರ್ ಎಂಬ ಚಿತ್ರಕಾರರು ತಾವು ಮಾಡಿದ ಕುಂಚಗಳನ್ನು ಮಾರಿ ಎಷ್ಟು ಹೆಸರು ಮಾಡಿದರೆಂದರೆ, 2017ರಲ್ಲಿ ಅಡೋಬಿ ಕಂಪನಿ ಕುಂಚಗಳನ್ನೂ ಕೊಂಡು ಅವರನ್ನೂ ಸೇರಿಸಿಕೊಂಡಿತು. ಬಿಚ್ಚಿ ನೋಡಿದರೆ ಕುಂಚ ಅಂದರೆ ಒಂದು ಪುಟ್ಟ ಕಪ್ಪು-ಬಿಳುಪು ಮುದ್ರೆ, ಅಷ್ಟೇ. ಪೆನ್ನು ಸಾಗಿದ ದಾರಿಯಲ್ಲಿ ಆ ಮುದ್ರೆಯನ್ನು ಬಿಡದೆ ಒತ್ತುತ್ತ ಹೋಗುವುದು ತಂತ್ರಾಂಶದ ಕೆಲಸ. ಮುದ್ರೆಗಳು ಹತ್ತಿರ ಹತ್ತಿರ ಬಿದ್ದರೆ ಗೆರೆ, ದೂರ ದೂರ ಬಿದ್ದರೆ ಚುಕ್ಕಿಗಳ ಸಾಲು. ಒಂಚೂರು ತಿರುಗಲಿ, ಆಚೀಚೆ ಚದುರಲಿ, ಒತ್ತಿದಾಗ ದಪ್ಪವಾಗಲಿ ಎಂದು ನಾಲ್ಕು ಕಟ್ಟಳೆ ಸೇರಿಸಿದರೆ ಎಲೆಗೆ, ಮೋಡಕ್ಕೆ, ಮುದುಕನ ಗಡ್ಡಕ್ಕೆ ಒಂದೊಂದು ಕುಂಚ ಸಿದ್ಧ.

ಸೋದರಸೊಸೆಯ ಕಂಪ್ಯೂಟರಿನಲ್ಲಿ ಇಂಥವು ಸಾವಿರಗಟ್ಟಲೆ ಇವೆ. ಮರದ ತೊಗಟೆಯೊಂದಕ್ಕೇ ಒಂದು ಪುಟ ತುಂಬುವಷ್ಟು. ಕೆಲಸಕ್ಕೆ ಕೂತಾಗ ಅವಳು ಎಲ್ಲದರಲ್ಲೂ ಒಮ್ಮೆ ಬರೆದು, ಅಳಿಸಿ, ಮತ್ತೊಂದನ್ನು ತೆಗೆದು, ಕೊನೆಗೆ ಸಾಫ್ಟ್‌ವೇರಿನ ಜೊತೆ ಪುಕ್ಕಟೆ ಬಂದ ‘ಹಾರ್ಡ್ ರೌಂಡ್’ ಎಂಬ ಗುಂಡು ಕುಂಚಕ್ಕೇ ಬಂದು ನಿಲ್ಲುತ್ತಾಳೆ. ಸೀರೆ ಅಂಗಡಿಯಲ್ಲಿ ರಾಶಿ ರಾಶಿ ಬಿಚ್ಚಿಸಿ ಹಾಕಿ, ಮೊದಲು ಕಣ್ಣಿಗೆ ಬಿದ್ದದ್ದನ್ನೇ ಕಟ್ಟಿಸಿಕೊಂಡು ಬರುವ ಅವಳಮ್ಮನ, ಅಂದರೆ ನಮ್ಮಕ್ಕನ, ಗುಣ ಅದು. ಆದರೆ ಬಿಚ್ಚಿಸುವುದು ದಂಡ ಎಂದು ಹೇಳಲಾರೆ. ಹೊಸದನ್ನು ಬಿಚ್ಚಿ ನೋಡುವ ಚಪಲಕ್ಕೆ ವಯಸ್ಸಿಲ್ಲ. ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ ಎಪ್ಪತ್ತು ದಾಟಿದ ಮೇಲೆ, 2009ರಲ್ಲಿ, ಐಫೋನಿನ ಒಂದು ಸರಳ ಆ್ಯಪಿನಲ್ಲಿ ಹೆಬ್ಬೆರಳಿನಿಂದ ಹೂವು ಬರೆದು ಬೆಳಬೆಳಗ್ಗೆ ಗೆಳೆಯರಿಗೆ ಕಳಿಸುತ್ತಿದ್ದರು. ಪರದೆಗೆ ತನ್ನದೇ ಬೆಳಕಿರುವುದರಿಂದ ದೀಪ ಹಚ್ಚದೆ ಹಾಸಿಗೆಯಲ್ಲೇ ಸೂರ್ಯೋದಯ ಬರೆಯಬಹುದು ಎಂಬುದು ಅವರಿಗೆ ಬಹಳ ಹಿಡಿಸಿತ್ತು. ಹಾಸಿಗೆಯಿಂದ ಏಳದೆ ಮಾಡುವ ಕಲೆಗೆ ನನ್ನ ಸಂಪೂರ್ಣ ಬೆಂಬಲವಿದೆ.

ಮೈಸೂರು ಶೈಲಿಯ ಹಿಂದಿನ ಚಿತ್ರಕಾರರು ನಯಗೆಲಸಕ್ಕೆ ಅಳಿಲಿನ ಕೂದಲಿನ ಕುಂಚವನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಅದಕ್ಕಿಂತ ಸಣ್ಣ ಗೆರೆ ಬೇಕಾದರೆ ಮೊನಚು ಮಾಡಿದ ಹುಲ್ಲಿನ ಎಸಳು. ಸಾಗರದ ಕಡೆ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಚಿತ್ತಾರ ಬರೆಯುವುದು ಪುಂಡಿ ನಾರಿನ ಕುಂಚದಿಂದ. ಇಷ್ಟನ್ನು ಯಾಕೆ ನೆನೆದೆನೆಂದರೆ, ಕ್ರಿಟಾ ತಂತ್ರಾಂಶದ ಲಾಂಛನವೂ ಒಂದು ಅಳಿಲು. ಹೆಸರು ಕಿಕಿ. ಇನ್ನು ಮೇಲೆ ತನ್ನ ಕುಲದವರ ಬಾಲಕ್ಕೆ ಯಾರೂ ಕೈ ಹಾಕುವುದಿಲ್ಲ ಎಂಬ ಭರವಸೆ ಸಿಕ್ಕ ಮೇಲೆಯೇ ಅದು ಆ ಕೆಲಸ ಒಪ್ಪಿಕೊಂಡಿರಬೇಕು.

ಇಷ್ಟೆಲ್ಲ ಆದರೂ, ನನ್ನನ್ನು ಕಂಪ್ಯೂಟರಿಗೆ ಕಟ್ಟಿಹಾಕಿದ್ದು ಕುಂಚವಲ್ಲ, ಲೇಯರ್, ಅಂದರೆ ಚಿತ್ರದಲ್ಲಿ ಒಂದರ ಮೇಲೊಂದು ಹಾಸುವ ಪಾರದರ್ಶಕ ಪದರ. ಕಾರ್ಟೂನ್ ಸಿನಿಮಾದವರಿಗೆ ಇದು ಹಳೇ ವಿದ್ಯೆ. ಪಾತ್ರವನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಬರೆದು ಹಿನ್ನೆಲೆಯ ಚಿತ್ರದ ಮೇಲಿಡುವ ಉಪಾಯಕ್ಕೆ ಅರ್ಲ್ ಹರ್ಡ್ ಎಂಬ ಅಮೆರಿಕನ್ನರು 1914ರಲ್ಲೇ ಪೇಟೆಂಟಿನ ಅರ್ಜಿ ಹಾಕಿದ್ದರು. ಓಡುವ ಬೆಕ್ಕಿನ ಹಿಂದೆ ನಿಂತೇ ಇರುವ ಮನೆಯನ್ನು ಪ್ರತಿ ಚೌಕಟ್ಟಿಗೂ ಮತ್ತೆ ಬರೆಯುವ ಕರ್ಮ ಅಲ್ಲಿಗೆ ತಪ್ಪಿತು. ಫೋಟೋಶಾಪಿಗೆ ಲೇಯರ್ ಬಂದದ್ದು 1994ರಲ್ಲಿ, ಮೂರನೆಯ ಆವೃತ್ತಿಯ ಜೊತೆ. ಆಗಿನ್ನೂ ಮಾಡಿದ್ದನ್ನು ರದ್ದು ಮಾಡುವ ‘ಅನ್‌ಡೂ’ ಸಿಗುತ್ತಿದ್ದದ್ದು ಒಂದೇ ಹೆಜ್ಜೆ; ಹತ್ತಾರು ಹೆಜ್ಜೆ ಹಿಂದೆ ಸರಿಯುವ ಸೌಲಭ್ಯ ಬಂದದ್ದು 1998ರಲ್ಲಿ. ಗೆರೆಗೊಂದು ಹೊಸ ಲೇಯರ್ ಹಾಕುವ ಚಾಳಿ ಈ ನಡುವಿನ ನಾಲ್ಕು ವರ್ಷಗಳಲ್ಲಿ ಅಂಟಿದ್ದು, ಆಮೇಲೆ ವಂಶಪಾರಂಪರ್ಯವಾಗಿ ಬಂತು ಎಂದು ನನ್ನ ಗುಮಾನಿ.

‘ಪೆನ್ಸಿಲಿನಲ್ಲಿ ಬರೆದದ್ದನ್ನು ಸ್ಕ್ಯಾನ್ ಮಾಡಿದ್ದೇನಲ್ಲ, ಕಾಗದದ ಬಿಳಿ ತೆಗೆಯೋದು ಹೇಗೆ?’ ಎಂದು ಒಮ್ಮೆ ಸೋದರಸೊಸೆಯನ್ನು ಕೇಳಿದೆ. ‘ತೆಗೆಯೋದೇ ಬೇಡ ಮಾವ, ಆ ಲೇಯರಿಗೆ ಮಲ್ಟಿಪ್ಲೈ ಹಾಕಿ’ ಅಂದಳು. ಹಾಕಿದೆ. ಬಿಳಿ ಮಾಯ, ಗೆರೆ ಮಾತ್ರ ಉಳಿಯಿತು, ಕೆಳಗಿನ ಲೇಯರಿನಲ್ಲಿ ಬಳಿದ ಬಣ್ಣವೆಲ್ಲ ಗೆರೆಯ ಸಂದಿಯಿಂದ ಇಣುಕಿತು. ಇದರ ಗುಟ್ಟು ಪ್ರೈಮರಿ ಸ್ಕೂಲಿನ ಗುಣಾಕಾರ. ಬಿಳಿಗೆ ಒಂದು, ಕಪ್ಪಿಗೆ ಸೊನ್ನೆ, ನಡುವಿನ ಬಣ್ಣಗಳಿಗೆ ನಡುವಿನ ಅಂಕಿ. ಮೇಲಿನದನ್ನು ಕೆಳಗಿನದರಿಂದ ಗುಣಿಸಬೇಕು. ಒಂದರಿಂದ ಗುಣಿಸಿದರೆ ಕೆಳಗಿನ ಬಣ್ಣ ಹಾಗೇ ಉಳಿಯುತ್ತದೆ. ಸೊನ್ನೆಯಿಂದ ಗುಣಿಸಿದರೆ ಏನಿದ್ದರೂ ಕಪ್ಪು. ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು, ಅಂದರೆ ಇನ್ನಷ್ಟು ಗಾಢ. ಅದಕ್ಕೇ ನೆರಳು ಹಾಕಲು ಇದಕ್ಕಿಂತ ಒಳ್ಳೆಯದಿಲ್ಲ. ನಾಯಕಿಯ ಮುಖ, ಸೀರೆ, ಹಿಂದಿನ ಗೋಡೆ ಮೂರಕ್ಕೂ ಬೇರೆ ಬೇರೆ ನೆರಳಿನ ಬಣ್ಣ ಕಲಸುವುದು ಬೇಡ. ಮೇಲೊಂದು ಮಲ್ಟಿಪ್ಲೈ ಲೇಯರ್ ಇಟ್ಟು ತೆಳು ನೇರಳೆ ಎಳೆದರೆ ಮೂರೂ ತಮ್ಮ ತಮ್ಮ ಬಣ್ಣದಲ್ಲೇ ಕಪ್ಪಿಡುತ್ತವೆ. ಗಣಿತದಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರು ಇದನ್ನು ಹೀಗೆ ಹೇಳಿಕೊಟ್ಟಿದ್ದರೆ ಮಗ್ಗಿ ಬಾಯಿಗೆ ಬರುತ್ತಿತ್ತು. ಇನ್ನು ‘ಕ್ಲಿಪ್ಪಿಂಗ್’ ಎಂಬುದೊಂದಿದೆ. ಸೀರೆಯ ಲೇಯರಿಗೆ ಕ್ಲಿಪ್ ಮಾಡಿದ ಲೇಯರಿನಲ್ಲಿ ಎಷ್ಟೇ ಒಡ್ಡೊಡ್ಡಾಗಿ ಜರಿ ಎಳೆದರೂ ಅದು ಸೀರೆಯ ಅಂಚು ದಾಟುವುದಿಲ್ಲ.

ಅಂತೂ ಲೇಯರ್ ಎಂದರೆ ಚಿತ್ರಕಾರನಿಗೆ ಸಿಕ್ಕ ವಾಯಿದೆ. ಮೀಸೆ ಇರಲೋ ಬೇಡವೋ? ಬೇರೆ ಲೇಯರಿನಲ್ಲಿಟ್ಟಿರಿ, ನಾಳೆ ನೋಡೋಣ. ಸಂಜೆಯೋ ಮಧ್ಯಾಹ್ನವೋ? ಎರಡೂ ಇರಲಿ, ಒಂದರ ಕಣ್ಣು ಮುಚ್ಚಿದರಾಯಿತು. (ಪ್ರತಿ ಲೇಯರಿನ ಪಕ್ಕದಲ್ಲಿ ಒಂದು ಕಣ್ಣಿನ ಗುರುತು ಇರುತ್ತದೆ, ಅದನ್ನು ಒತ್ತಿದರೆ ಲೇಯರ್ ಕಾಣೆಯಾಗುತ್ತದೆ, ಸಾಯುವುದಿಲ್ಲ.) ಮೈಸೂರು ಚಿತ್ರಕಾರರಿಗೆ ಈ ಸುಖ ಇರಲಿಲ್ಲ. ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಿಂದ ನಕ್ಷೆ, ಮೊದಲು ದೂರದ ಆಕಾಶ, ಬೆಟ್ಟ, ನದಿ, ಆಮೇಲೆ ಪ್ರಾಣಿ, ಮನುಷ್ಯರು, ಕೊನೆಗೆ ಮುಖ, ಒಡವೆ, ಚಿನ್ನದ ರೇಕು. ಹಿಂದಿನದು ಹಿಂದೆಯೇ ಮುಗಿಯಬೇಕು. ಚಿನ್ನದ ರೇಕು ಅಂಟಿಸಿದ ಮೇಲೆ ‘ಬೆಟ್ಟ ಒಂದಿಷ್ಟು ಎಡಕ್ಕಿರಲಿ’ ಎಂದು ಮಹಾರಾಜರೂ ಹೇಳುವಂತಿರಲಿಲ್ಲ. ಸೋದರಸೊಸೆ ಮೊದಲು ಕೃಷ್ಣನ ಕಿರುನಗೆ ಬರೆದು, ವಾರ ಬಿಟ್ಟು ಅದರ ಕೆಳಗೆ ಬೃಂದಾವನ ತುರುಕುತ್ತಾಳೆ.

ವಾಯಿದೆಗಳು ಬೆಳೆದ ಮೇಲೆ ಕಡತದ ಗತಿ ಏನಾಗುತ್ತದೆ ಎಂಬುದನ್ನು ಅವಳ ಲೇಯರ್ ಪಟ್ಟಿಯಲ್ಲೇ ನೋಡಬೇಕು. ಲೇಯರ್ 12, ಲೇಯರ್ 12 ಕಾಪಿ, ಲೇಯರ್ 31, ಲೇಯರ್ 47 ಕಾಪಿ 3. ಯಾವುದಕ್ಕೂ ನಾಮಕರಣ ಆಗಿಲ್ಲ. ‘ಇದರಲ್ಲಿ ಏನಿದೆ?’ ಎಂದರೆ, ‘ಅದನ್ನ ಮುಟ್ಟಬೇಡಿ ಮಾವ, ತೆಗೆದರೆ ಬಲಗಡೆ ಹುಬ್ಬು ಹೋಗುತ್ತೆ’ ಎನ್ನುತ್ತಾಳೆ. ಎ4 ಹಾಳೆಯನ್ನು 300 ಡಿಪಿಐಯಲ್ಲಿ (ಅಂಗುಲಕ್ಕೆ 300 ಚುಕ್ಕಿ) ತೆರೆದರೆ ಸುಮಾರು 87 ಲಕ್ಷ ಚುಕ್ಕಿಗಳು. ಅಂಥ ಒಂದು ಲೇಯರ್ ಪೂರ್ತಿ ತುಂಬಿದರೆ ಕಂಪ್ಯೂಟರಿನ ತಲೆಯಲ್ಲಿ ಹತ್ತಿರ ಹತ್ತಿರ 35 ಎಂಬಿ ಜಾಗ ಬೇಕು. ಪ್ರೊಕ್ರಿಯೇಟ್ ಇದನ್ನು ಲೆಕ್ಕ ಹಾಕಿ, ಹಾಳೆ ದೊಡ್ಡದಾದಷ್ಟೂ ಲೇಯರುಗಳಿಗೆ ಕಡಿವಾಣ ಹಾಕುತ್ತದೆ. ಆಗ ಬೇರೆ ದಾರಿಯಿಲ್ಲದೆ ಎರಡನ್ನು ಒಂದಾಗಿ ಬೆಸೆಯಬೇಕು, ಅಂದರೆ ‘ಮರ್ಜ್’ ಮಾಡಬೇಕು. ಸೋದರಸೊಸೆ ಆ ಗುಂಡಿ ಒತ್ತುವಾಗ ಮುಖ ನೋಡಬೇಕು. ಮನೆ ಮಾರುವ ಪತ್ರಕ್ಕೂ ಯಾರೂ ಅಷ್ಟು ಯೋಚಿಸಿ ರುಜು ಹಾಕುವುದಿಲ್ಲ.

ಲೇಯರಿನ ನಿಜವಾದ ಪಂಡಿತರು ಅನಿಮೇಷನ್ ಕಂಪನಿಯಲ್ಲಿಲ್ಲ, ನಮ್ಮೂರ ಬಸ್‌ಸ್ಟ್ಯಾಂಡಿನ ಪಕ್ಕದ ಫ್ಲೆಕ್ಸ್ ಅಂಗಡಿಯಲ್ಲಿದ್ದಾರೆ. ಹುಡುಗನ ಹತ್ತಿರ ಪೆನ್ನಿಲ್ಲ, ಹಲಗೆಯಿಲ್ಲ. ಒಂದು ಕೈಯಲ್ಲಿ ಮೌಸು, ಇನ್ನೊಂದರಲ್ಲಿ ಬನ್ನು. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಮದುವೆ ಫೋಟೋಗಳಿಂದ ತಲೆಗಳನ್ನು ಕತ್ತರಿಸಿ ತೆಗೆಯುತ್ತಾನೆ. ಪಕ್ಕದಲ್ಲಿ ನಿಂತಿದ್ದವರು ಹೆಗಲ ಮೇಲೆ ಕೈ ಹಾಕಿದ್ದರೆ, ಫ್ಲೆಕ್ಸಿನಲ್ಲೂ ಮುಖಂಡರ ಭುಜದ ಮೇಲೆ ಯಾರದೋ ನಾಲ್ಕು ಬೆರಳು ಉಳಿದುಬಿಡುತ್ತವೆ. ಅವನ ಪಟ್ಟಿಯಲ್ಲಿ ಹೆಸರಿಲ್ಲದ ಲೇಯರ್ ಒಂದೂ ಇಲ್ಲ: ‘ಎಂಎಲ್‌ಎ’, ‘ಎಂಎಲ್‌ಎ ತಮ್ಮ’, ‘ಹಾರ’, ‘ಕಿರಣ’, ‘ದುಡ್ಡು ಕೊಟ್ಟೋರು’, ‘ದುಡ್ಡು ಕೊಡಬೇಕಾದೋರು’. ಯಾರ ತಲೆ ಯಾರ ಹೆಗಲಿನ ಮೇಲೆ ಬರಬೇಕು, ಯಾರದು ಹಿಂದೆ ಸರಿಯಬೇಕು ಎಂಬುದರಲ್ಲಿ ಅವನಿಗೆ ತಪ್ಪುವ ಹಾಗಿಲ್ಲ. ತಪ್ಪಿದರೆ ರಾತ್ರಿಯೇ ಜನ ಬರುತ್ತಾರೆ. ನಾನು ಕೂತಿದ್ದಾಗಲೇ ಒಂದು ಫೋನು ಬಂತು. ಯಾರೋ ಪಕ್ಷ ಬಿಟ್ಟರಂತೆ, ಅವರನ್ನು ತೆಗೆಯಬೇಕಂತೆ. ಹುಡುಗ ಆ ಲೇಯರಿನ ಕಣ್ಣನ್ನಷ್ಟೇ ಮುಚ್ಚಿದ. ಅಳಿಸೋದಿಲ್ಲವೇ ಎಂದೆ. ‘ಡಿಲೀಟ್ ಮಾಡಬಾರ್ದು ಸಾರ್, ಎಲೆಕ್ಷನ್ ಹೊತ್ತಿಗೆ ವಾಪಸ್ ಬರ್ತಾರೆ’ ಎಂದ.

ಇದಕ್ಕೆ ತದ್ವಿರುದ್ಧದ್ದನ್ನೂ ಹೇಳಬೇಕು. ಕಾರು, ಆಟೋಗಳ ಹಿಂದಿನ ಗಾಜಿನ ಮೇಲೆ ಹುಬ್ಬು ಗಂಟಿಕ್ಕಿದ ಹನುಮಂತನನ್ನು ಎಲ್ಲರೂ ನೋಡಿದ್ದೇವೆ. ಕಾಸರಗೋಡು ಕಡೆಯ ಕರಣ್ ಆಚಾರ್ಯ ಅದನ್ನು 2015ರಲ್ಲಿ ಊರ ಗೆಳೆಯರ ಬಾವುಟಕ್ಕಾಗಿ ಬರೆದದ್ದು. ಕೇಸರಿ, ಕಪ್ಪು, ಮುಗಿಯಿತು. ಆಮೇಲೆ ಅದರ ಸುತ್ತ ಎದ್ದ ವಾದವಿವಾದ ನನ್ನ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಕಸುಬಿನವನಾಗಿ ಹೇಳುವುದಾದರೆ, ಎರಡೇ ಬಣ್ಣದಲ್ಲಿ ಎಲ್ಲಿ ಕಪ್ಪು ನಿಲ್ಲಬೇಕೆಂದು ಗೊತ್ತಿದ್ದವರ ಕೈ ಅದು. ಸಾವಿರ ಕುಂಚದವರು ಒಂದು ಗಳಿಗೆ ನಿಂತು ನೋಡಬೇಕಾದ್ದು.

ನಾನಂತೂ ಈಗ ಪೂರ್ತಿ ಲೇಯರಿನವನಾಗಿದ್ದೇನೆ, ಅದು ಸಂಪಾದಕರಿಗೂ ಗೊತ್ತಾಗಿದೆ. ಇಂಕಿನ ಕಾಲದಲ್ಲಿ ಚಿತ್ರ ಒಮ್ಮೆ ಕಚೇರಿ ತಲುಪಿದರೆ ಮುಗಿಯಿತು. ಕಥೆಯಲ್ಲಿ ಇಲ್ಲದ ಮೀಸೆ ಚಿತ್ರದಲ್ಲಿ ಬಂದಿದ್ದರೆ, ಅಚ್ಚಿನ ಬ್ಲಾಕ್ ಆಗಿಹೋಗಿದೆ ಎಂದು ಕಥೆಯಲ್ಲೇ ‘ಅವನು ಮೀಸೆ ತಿರುವುತ್ತ’ ಎಂದು ಒಂದು ಮಾತು ಸೇರಿಸಿದ ಸಂಪಾದಕರನ್ನು ನಾನು ಬಲ್ಲೆ. ಕಥೆಗಾರರು ಕೂಡ ತಕರಾರು ಮಾಡಲಿಲ್ಲ. ಮೊನ್ನೆ ಈಗಿನವರು ಫೋನು ಮಾಡಿದರು: ‘ಸಾರ್, ಸೀರೆ ಹಸಿರು ಮಾಡಿಬಿಡಿ, ಕಿಟಕಿ ತೆಗೆದುಬಿಡಿ, ಅತ್ತೆ ಸ್ವಲ್ಪ ಹಿಂದೆ ಹೋಗಲಿ. ಲೇಯರ್ ಇಟ್ಟಿದ್ದೀರಿ ತಾನೆ?’ ಇಟ್ಟಿದ್ದೇನೆ ಎಂದೆ. ಅತ್ತೆಯನ್ನು ಹಿಂದೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಮತ್ತೆ ಫೋನು. ಕಥೆಗಾರರಿಗೆ ಅತ್ತೆ ಮುಂದೆಯೇ ಬೇಕಂತೆ.