ಬೀಳುತ್ತಲೇ ಇರುವ ಕುಂಬಳಕಾಯಿ

ನಿಮ್ಮ ಬಡಾವಣೆಯಲ್ಲೂ ಒಬ್ಬರಿರುತ್ತಾರೆ, ಹುಡುಕಿ ನೋಡಿ. ಬ್ಯಾಂಕಿನಿಂದ ನಿವೃತ್ತರು, ಮಗಳು ಅಮೆರಿಕದಲ್ಲಿ, ಬಿಪಿ ಹತೋಟಿಯಲ್ಲಿ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಉಳಿದವರು ಡಿ.ಎ. ಬಾಕಿಯ ಬಗ್ಗೆ ಮಾತಾಡುತ್ತಿದ್ದರೆ ಇವರು ಕೆಮ್ಮಿ ಗಂಟಲು ಸರಿಮಾಡಿಕೊಂಡು, "ನಾನು ಸದ್ಯಕ್ಕೆ ಕ್ಯಾಲ್ಕುಲಸ್ ಮಾಡ್ತಾ ಇದೀನಿ" ಎನ್ನುತ್ತಾರೆ. ಬೆಂಚು ಒಂದು ಕ್ಷಣ ಮೌನವಾಗುತ್ತದೆ. ಆಮೇಲೆ ಡಿ.ಎ. ಮುಂದುವರಿಯುತ್ತದೆ.

ನಮ್ಮ ಬೀದಿಯಲ್ಲಿ ಅವರನ್ನು ರಾಯರು ಎನ್ನೋಣ. ಎಪ್ಪತ್ತರ ದಶಕದಲ್ಲಿ ಬಿ.ಎಸ್ಸಿ. ಓದಿದವರು. ಶಾಂತಿನಾರಾಯಣರ ಪುಸ್ತಕ ಇಟ್ಟುಕೊಂಡು ಉರು ಹೊಡೆದು ಫಸ್ಟ್ ಕ್ಲಾಸು ಪಡೆದದ್ದು. ಅದರಲ್ಲಿ ಇದ್ದದ್ದೇನು ಎಂದು ಕೇಳಿಕೊಳ್ಳುವಷ್ಟು ಪುರುಸೊತ್ತು ಸಿಗುವ ಮೊದಲೇ ಬ್ಯಾಂಕಿನ ಕ್ಲಾರ್ಕ್ ಪರೀಕ್ಷೆ ಪಾಸಾಯಿತು. ಆ ಸಾಲವನ್ನು ಈಗ ತೀರಿಸುತ್ತೇನೆಂದು ಅವರು ಹೊರಟಿದ್ದಾರೆ. ಇದು ಸುಳ್ಳಲ್ಲ, ನಿಜವಾದ ಆಸೆಯೇ. ತೊಡಕು ಇರುವುದು ಕಂತಿನಲ್ಲಿ.

ಮೊದಲು ಕೇಂದ್ರ ಸರ್ಕಾರದ ಸ್ವಯಂ ಜಾಲತಾಣ ನೋಡಿದರು. 2017ರಿಂದ ನಡೆಯುತ್ತಿದೆ, ಐಐಟಿ ಪ್ರೊಫೆಸರುಗಳೇ ಪಾಠ ಮಾಡುತ್ತಾರೆ, ಕಲಿಯಲು ಕಾಸಿಲ್ಲ. ಆದರೆ ಅದರೊಳಗಿನ ಎನ್‌ಪಿಟಿಇಎಲ್ ಕೋರ್ಸಿನಲ್ಲಿ ವಾರ ವಾರ ಅಸೈನ್‌ಮೆಂಟು. ಸರ್ಟಿಫಿಕೇಟು ಬೇಕೆಂದರೆ ಆ ಅಸೈನ್‌ಮೆಂಟುಗಳಿಗೆ 25 ಅಂಕ, ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆಗೆ 75. ಕೊನೆಯ ದಿನಾಂಕ ಎಂಬ ಪದ ಕಣ್ಣಿಗೆ ಬಿದ್ದದ್ದೇ ರಾಯರು ಕನ್ನಡಕ ತೆಗೆದಿಟ್ಟರು. "ಜೀವಮಾನವೆಲ್ಲ ಹಾಫ್ ಇಯರ್ಲಿ ಕ್ಲೋಸಿಂಗ್ ಮಾಡಿದವನು ನಾನು. ಇನ್ನೂ ಕ್ಲೋಸಿಂಗೇ?"

ಹಾಗಾಗಿ ಎಂಐಟಿಯ ಓಪನ್‌ಕೋರ್ಸ್‌ವೇರ್. ನೋಂದಣಿ ಇಲ್ಲ, ಶುಲ್ಕವಿಲ್ಲ, ಗಡುವಿಲ್ಲ, ಕೇಳುವವರಿಲ್ಲ. ನಿಮ್ಮ ವೇಗದಲ್ಲಿ ಕಲಿಯಿರಿ. ಈ ಮಾತು ರಾಯರಿಗೆ ಎಷ್ಟು ಹಿಡಿಸಿತೆಂದರೆ, ಅವತ್ತಿನಿಂದ ಅವರಿಗೆ ಅವಸರವೇ ಇಲ್ಲ.

ಆರಂಭಿಸಿದ್ದು ವಿಜಯದಶಮಿಯಂದು. ಹಿಂದಿನ ದಿನ ಸ್ಕೂಟರಿನ ಮುಂದೆ ಬೂದುಗುಂಬಳ ಒಡೆದಿದ್ದರು. ಮರುದಿನ ಲ್ಯಾಪ್‌ಟಾಪ್ ತೆರೆದರೆ ಅಲ್ಲೂ ಕುಂಬಳಕಾಯಿ! ಎಂಐಟಿಯಲ್ಲಿ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ಎತ್ತರದ ಕಟ್ಟಡದ ಮೇಲಿಂದ ಕುಂಬಳಕಾಯಿ ಕೆಡವುತ್ತಾರಂತೆ. ಪ್ರೊಫೆಸರ್ ಡೇವಿಡ್ ಜೆರಿಸನ್ ಆರಂಭದಲ್ಲೇ ಅದನ್ನು ಹಿಡಿದುಕೊಂಡು ಹಲಗೆಯ ಮೇಲೆ ಬೀಳಿಸುತ್ತಾರೆ. ಎತ್ತರ 80 ಮೀಟರ್, ನೆಲ ಮುಟ್ಟಲು 4 ಸೆಕೆಂಡು, ಸರಾಸರಿ ವೇಗ ಸೆಕೆಂಡಿಗೆ 20 ಮೀಟರ್. ಆದರೆ ನೆಲಕ್ಕೆ ಬಡಿಯುವ ಆ ಕ್ಷಣದ ವೇಗ? 40. ಅಂದರೆ ಗಂಟೆಗೆ 144 ಕಿಲೋಮೀಟರ್.

ಇದನ್ನು ರಾಯರು ವಿವರಿಸುವುದನ್ನು ಕೇಳಬೇಕು. "ನೋಡಿ, ನೀವು ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಹೋಗ್ತಿದೀರಿ. ಮಿತಿ 100. ನೀವು 130ರಲ್ಲಿ ಓಡಿಸಿ, ಮದ್ದೂರಲ್ಲಿ ಇಳಿದು ವಡೆ ತಿಂದು, ಕಾಫಿ ಕುಡಿದು ಸರಾಸರಿ ತಗ್ಗಿಸ್ತೀರಿ. ಆದ್ರೆ ಕ್ಯಾಮೆರಾಗೆ ನಿಮ್ಮ ವಡೆ ಗೊತ್ತಾ? ಅದು ಹಿಡಿಯೋದು ಆ ಕ್ಷಣದ ವೇಗ. ಆ ಕ್ಷಣದ ವೇಗವೇ ಡಿರೈವೇಟಿವ್." ಇಷ್ಟು ಚೆನ್ನಾಗಿ ನನಗೆ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ರಾಯರು ನಿಜವಾಗಿ ಅರ್ಥ ಮಾಡಿಕೊಂಡಿದ್ದಾರೆ. ಕುಂಬಳಕಾಯಿಯವರೆಗೆ.

ಮುಂದಿನದು ಲಿಮಿಟ್. ಅದರ ನಡುವೆ ಗ್ಯಾಸ್ ಸಿಲಿಂಡರ್ ಬಂತು, ನೆಂಟರ ಮದುವೆ ಬಂತು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಬಂತು. ಬಿಟ್ಟ ಜಾಗದಿಂದ ಹಿಡಿಯುವುದು ಅಶಿಸ್ತು ಎಂಬುದು ರಾಯರ ಸಿದ್ಧಾಂತ. "ಬುನಾದಿ ಗಟ್ಟಿ ಇರಬೇಕು" ಎಂದು ಯುಗಾದಿಗೆ ಮತ್ತೆ ಮೊದಲಿಂದ. ಆಮೇಲೆ ಜನವರಿ ಒಂದಕ್ಕೆ. ಪ್ರತಿ ಸಲವೂ ಹೊಸ ನೋಟ್‌ಬುಕ್ಕು, ಪ್ರತಿ ಸಲವೂ ಕುಂಬಳಕಾಯಿ. ಅಡುಗೆಮನೆಯಿಂದ ಹೆಂಡತಿ ಕೇಳುತ್ತಾರೆ: "ಏನ್ರೀ, ಅದಿನ್ನೂ ಬೀಳ್ತಾನೇ ಇದೆಯಾ? ಸಿಹಿಗುಂಬಳ ಬೇರೆ. ಸುಮ್ಮನೆ ದಂಡ." ಗಾಂಧಿನಗರದವರು ಶೂಟಿಂಗ್ ಮುಗಿದ ದಿನ ಕುಂಬಳಕಾಯಿ ಒಡೆಯುತ್ತಾರೆ. ನಮ್ಮ ರಾಯರದು ಮುಹೂರ್ತದ ದಿನವೇ ಒಡೆದುಹೋಗಿದೆ.

ಹಾಗೆಂದು, ಪಾಠ ಗೊತ್ತಿಲ್ಲದಿದ್ದರೂ ಪಾಠಗಳ ಬಗ್ಗೆ ಅವರಿಗೆ ಗೊತ್ತಿಲ್ಲದ್ದಿಲ್ಲ. ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ವಿವರಣೆಗೆ ಒಂದೂಕಾಲು ವೇಗ ಸರಿ, ಜೆರಿಸನ್‌ಗೆ ಮುಕ್ಕಾಲು. ಖಾನ್ ಅಕಾಡೆಮಿಯಲ್ಲಿ ಮುಖ ಕಾಣುವುದಿಲ್ಲ, ಬರೀ ಕಪ್ಪು ಪರದೆ, "ಗುರುವಿನ ಮುಖ ನೋಡದೆ ವಿದ್ಯೆ ಹತ್ತುತ್ತಾ?" ಯಾವ ಕೋರ್ಸಿಗೆ ಯಾವ ಪೆನ್ನು ಎಂಬುದಕ್ಕೂ ಅವರಲ್ಲಿ ಉತ್ತರವಿದೆ.

ಅವರೊಬ್ಬರನ್ನೇ ಆಡಿಕೊಂಡು ಫಲವಿಲ್ಲ. ಹಾರ್ವರ್ಡ್ ಮತ್ತು ಎಂಐಟಿಗಳು 2012ರಲ್ಲಿ ಆನ್‌ಲೈನ್ ಕೋರ್ಸುಗಳನ್ನು ತೆರೆದಾಗ ಮೊದಲ ವರ್ಷ ಸುಮಾರು 8.4 ಲಕ್ಷ ನೋಂದಣಿಗಳಾದವು. ಸರ್ಟಿಫಿಕೇಟು ಸಂದದ್ದು 43 ಸಾವಿರಕ್ಕೆ. ಮೂರರಲ್ಲೊಂದು ಪಾಲು ಹೆಸರು ಬರೆಸಿ ಒಳಗೆ ಇಣುಕಿಯೂ ನೋಡಲಿಲ್ಲ. ಅವರ ಮುಂದೆ ನಮ್ಮ ರಾಯರು ಶ್ರದ್ಧಾವಂತರೇ. ಅವರು ಇಣುಕುತ್ತಲೇ ಇದ್ದಾರೆ.

ಮೊನ್ನೆ ಎದುರುಮನೆಯ ಹುಡುಗ ಬಂದ. ಸೆಕೆಂಡ್ ಪಿಯುಸಿ, ಬೋರ್ಡ್ ಪರೀಕ್ಷೆ ಹತ್ತಿರ.

"ತಾತ, ಎಕ್ಸ್ ಸೈನ್ ಎಕ್ಸ್ ಇಂಟಿಗ್ರೇಟ್ ಮಾಡಬೇಕು."

"ಕೂತ್ಕೋಪ್ಪಾ. ಮೊದಲು ಒಂದು ಕುಂಬಳಕಾಯಿ ತಗೊ."

ಹುಡುಗ ಅಡುಗೆಮನೆಯ ಕಡೆ ನೋಡಿದ. ರಾಯರು ಕಟ್ಟಡ ಹತ್ತಿದರು, ಮದ್ದೂರು ದಾಟಿದರು. ನ್ಯೂಟನ್, ಲೈಬ್ನಿಟ್ಸ್ ಇಬ್ಬರಲ್ಲಿ ಯಾರು ಮೊದಲು ಎಂಬ ಜಗಳಕ್ಕೆ ಬಂದರು. ಅವರಿಗೂ ಮೊದಲು ಕೇರಳದ ಮಾಧವನ ಶ್ರೇಣಿಗಳಿದ್ದವಲ್ಲ ಎಂದು ಬೆರಳೆತ್ತಿದರು. ಅಷ್ಟರಲ್ಲಿ ಹುಡುಗ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಗೀಚುತ್ತಿದ್ದ.

"ಬಂತು ತಾತ. ಐಲೇಟ್ ರೂಲ್ ಹಾಕಿದೆ."

ರಾಯರು ಕನ್ನಡಕ ಏರಿಸಿ ನೋಡಿದರು. ಮೈನಸ್ ಎಕ್ಸ್ ಕಾಸ್ ಎಕ್ಸ್ ಪ್ಲಸ್ ಸೈನ್ ಎಕ್ಸ್. ಸರಿಯೋ ತಪ್ಪೋ ಹೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಪುಟವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ ಐವತ್ತು ವರ್ಷದ ಹಿಂದೆ ಉರು ಹೊಡೆದದ್ದು ಎಲ್ಲಿತ್ತೋ, ಎದ್ದು ಬಂತು.

"ಪ್ಲಸ್ ಸಿ ಎಲ್ಲಪ್ಪಾ?"

ಹುಡುಗ ನಾಲಗೆ ಕಚ್ಚಿಕೊಂಡ.

"ಮಾರ್ಕ್ಸ್ ಕಟ್ ಮಾಡ್ತಾರೆ" ಎಂದು ರಾಯರು ಕುರ್ಚಿಗೆ ಒರಗಿದರು. ಹುಡುಗನಿಗೂ ತಮಗೂ ಕಾಫಿ ತರಿಸಿದರು. ಸಿಂಗಲ್ ವೇರಿಯಬಲ್ ಒಂದು ಮಟ್ಟಕ್ಕೆ ಬಂದಂತಾಯಿತು ಎಂದು ಅವತ್ತೇ ಸಂಜೆ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ತೆರೆದಿದ್ದಾರೆ. ಹೊಸ ನೋಟ್‌ಬುಕ್ಕಿಗೆ ಹೆಂಡತಿ ಬೈಂಡು ಹಾಕುತ್ತಿದ್ದಾರೆ.